ಸ್ವಚ್ಛತಾ ಪ್ರಚಾರಕ್ಕೆ ಸಂಸ್ಥೆಯ ಆಯ್ಕೆ: ಟೆಂಡರಿನ ತೂಕವೂ ವರ್ತಕರ ಪಾಲೂ

ಕಸ ವಿಂಗಡಣೆಯ ಕುರಿತು ಜನಜಾಗೃತಿ ಮೂಡಿಸಲು ಸಾರ್ವಜನಿಕ ಸಂಪರ್ಕ ಸಂಸ್ಥೆಯೊಂದನ್ನು ನೇಮಿಸಿಕೊಳ್ಳುವುದಾಗಿ ನಗರಸಭೆಯೋ ಮಹಾನಗರ ಪಾಲಿಕೆಯೋ ಟೆಂಡರು ಪ್ರಕಟಣೆ ಹೊರಡಿಸಿದಾಗ ಅದನ್ನು ಗಮನವಿಟ್ಟು ಓದುವವರು ಕೆಲವರು ಮಾತ್ರ: ಜಾಹೀರಾತು ಸಂಸ್ಥೆಗಳವರು, ಮುದ್ರಣಾಲಯದವರು, ಬೀದಿನಾಟಕ ತಂಡಗಳನ್ನು ನಡೆಸುವವರು. ಉಳಿದ ವರ್ತಕರು ಮತ್ತು ಕಿರು ಉದ್ದಿಮೆದಾರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವುತ್ತಾರೆ. ಆದರೆ ಅಂಗಡಿಯ ಕಸವನ್ನು ಯಾವ ಬುಟ್ಟಿಗೆ ಹಾಕಬೇಕು, ಬಳಕೆದಾರರ ಶುಲ್ಕ ಎಷ್ಟು, ಮಿಶ್ರ ಕಸಕ್ಕೆ ದಂಡ ಯಾವಾಗ ಬೀಳುತ್ತದೆ ಎಂಬುದನ್ನು ಮಾರುಕಟ್ಟೆಗೆ ತಿಳಿಸುವ ಹೊಣೆ ಆ ಸಂಸ್ಥೆಯ ಮೇಲೆ ಬೀಳುತ್ತದೆ. ಸರಿಯಾಗಿ ತಿಳಿಸದಿದ್ದರೆ ದಂಡದ ರಸೀತಿ ಬರುವುದು ಅಂಗಡಿಯವನ ಹೆಸರಿಗೇ ಹೊರತು ಪ್ರಚಾರ ಸಂಸ್ಥೆಯ ಹೆಸರಿಗಲ್ಲ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಘನತ್ಯಾಜ್ಯ ನಿರ್ವಹಣೆಯ ಶುಲ್ಕವನ್ನು ಆಸ್ತಿ ತೆರಿಗೆಯೊಡನೆ ಸೇರಿಸಿ ವಸೂಲು ಮಾಡುವ ಪದ್ಧತಿ ಜಾರಿಗೆ ಬಂದಿತು. ಹೀಗೆ ಹಣ ತೆರುವವರಿಗೆ ಆ ಹಣದ ಒಂದು ಪಾಲು ಪ್ರಚಾರಕ್ಕೆ ಹೇಗೆ ವೆಚ್ಚವಾಗುತ್ತದೆಂದು ಕೇಳುವ ಹಕ್ಕು ಇದ್ದೇ ಇದೆ.

ಪ್ರಚಾರವೂ ಒಂದು ಕರ್ತವ್ಯ

ಸ್ಥಳೀಯ ಸಂಸ್ಥೆಗಳು ಪ್ರಚಾರಕ್ಕೆ ಹಣ ತೊಡಗಿಸುವುದು ಆಡಂಬರಕ್ಕಾಗಿ ಎಂಬ ಭಾವನೆ ಪೂರ್ತಿ ಸರಿಯಲ್ಲ. 2016ರ ಏಪ್ರಿಲ್ 8ರಂದು ಹೊರಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಹುಟ್ಟುವ ಸ್ಥಳದಲ್ಲಿಯೇ ಅದನ್ನು ಕೊಳೆಯುವ ಕಸ, ಕೊಳೆಯದ ಕಸ ಮತ್ತು ಗೃಹಬಳಕೆಯ ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡುವುದನ್ನು ಕಡ್ಡಾಯಗೊಳಿಸಿದವು. ಅದರ ಬಗ್ಗೆ ಜನರಿಗೆ ಮಾಹಿತಿ, ಶಿಕ್ಷಣ ನೀಡುವುದನ್ನೂ ಅವು ಸ್ಥಳೀಯ ಸಂಸ್ಥೆಯ ಕರ್ತವ್ಯಗಳ ಪಟ್ಟಿಯಲ್ಲಿ ಸೇರಿಸಿದವು. ಬೀದಿ ಬದಿಯ ವ್ಯಾಪಾರಿಯೂ ತನ್ನ ಬಳಿ ಕಸದ ಡಬ್ಬಿ ಇಟ್ಟುಕೊಳ್ಳಬೇಕೆಂದೂ, ಪರವಾನಗಿಯಿಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಮಂದಿ ಸೇರುವ ಸಮಾರಂಭಕ್ಕೆ ಕನಿಷ್ಠ ಮೂರು ಕೆಲಸದ ದಿನಗಳ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ ಆ ನಿಯಮಗಳಲ್ಲಿ ಬರೆದಿತ್ತು. ಕಲ್ಯಾಣ ಮಂಟಪ ನಡೆಸುವವರಲ್ಲಿ ಎಷ್ಟು ಮಂದಿಗೆ ಈ ಕೊನೆಯ ಮಾತು ತಲುಪಿತ್ತೆಂದು ವಿಚಾರಿಸಿದರೆ ಪ್ರಚಾರದ ಗುಣಮಟ್ಟ ತಾನಾಗಿಯೇ ತಿಳಿಯುತ್ತದೆ.

ಹಣದ ಏರ್ಪಾಡೂ ಇತ್ತು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ನಗರ ವಿಭಾಗದ ಮಾರ್ಗಸೂಚಿಯು ಕೇಂದ್ರದ ಒಟ್ಟು ಹಂಚಿಕೆಯಲ್ಲಿ ಶೇ. 15ನ್ನು ಮಾಹಿತಿ ಮತ್ತು ಜನಜಾಗೃತಿಗೆ ಮೀಸಲಿಟ್ಟಿತು. ಅದರಲ್ಲಿ ಶೇ. 12 ರಾಜ್ಯಗಳ ಪಾಲು.

ಜಾಹೀರಾತು ಬೇರೆ, ಜನಸಂಪರ್ಕ ಬೇರೆ

ಟೆಂಡರು ದಾಖಲೆ ಸಿದ್ಧಪಡಿಸುವಾಗ ಮೊದಲು ಆಗುವ ತಪ್ಪೆಂದರೆ ಜಾಹೀರಾತನ್ನೂ ಜನಸಂಪರ್ಕವನ್ನೂ ಒಂದೇ ಎಂದು ಭಾವಿಸುವುದು. ಜಾಹೀರಾತು ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಕಚೇರಿಯ ಮಾತನ್ನು ಬೀದಿಗೆ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು. ಜನಸಂಪರ್ಕವಾದರೋ ಬೀದಿಯ ಮಾತನ್ನು ಕಚೇರಿಗೂ ತರಬೇಕು. ಕಸದ ವಿಷಯದಲ್ಲಿ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

ಒಂದು ಸಾಮಾನ್ಯ ನಿದರ್ಶನವನ್ನು ನೋಡಬಹುದು. ಆಟೋ ಟಿಪ್ಪರು ಬೆಳಿಗ್ಗೆ ಏಳಕ್ಕೆ ಮಾರುಕಟ್ಟೆಯ ಬೀದಿಯಲ್ಲಿ ಹಾಡು ಹಾಕಿಕೊಂಡು ಹಾದುಹೋಗುತ್ತದೆ. ಬಟ್ಟೆ ಅಂಗಡಿಯ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಹೊದಿಕೆಗಳೆಲ್ಲ ಕೂಡುವುದು ರಾತ್ರಿ ಒಂಬತ್ತರ ಹೊತ್ತಿಗೆ. ಬಾಗಿಲು ಹಾಕುವಾಗ ಆ ಕಸ ಮೂಲೆಯ ರಾಶಿಗೆ ಸೇರುತ್ತದೆ. ಆ ಬೀದಿಯಲ್ಲಿ ಎಷ್ಟು ಫಲಕ ನಿಲ್ಲಿಸಿದರೂ, ಎಷ್ಟು ಬೀದಿನಾಟಕ ಆಡಿಸಿದರೂ ರಾಶಿ ಕರಗುವುದಿಲ್ಲ, ಏಕೆಂದರೆ ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ, ಗಾಡಿಯ ವೇಳೆಯಲ್ಲಿ. ಒಳ್ಳೆಯ ಸಂಸ್ಥೆಯು ಒಂದು ವಾರ ಬೀದಿಯಲ್ಲಿ ಓಡಾಡಿ ಇದನ್ನು ಅಧಿಕಾರಿಗಳಿಗೆ ಬರೆದು ತಿಳಿಸುತ್ತದೆ. ಫಲಕಗಳ ಲೆಕ್ಕದ ಮೇಲೆ ಹಣ ಪಡೆಯುವ ಸಂಸ್ಥೆಗೆ ಹಾಗೆ ಮಾಡುವ ಪ್ರೇರಣೆಯೇ ಇರುವುದಿಲ್ಲ.

ಬೆಂಗಳೂರಿನ ಅನುಭವವೂ ಇದನ್ನೇ ತೋರಿಸುತ್ತದೆ. 2012ರಲ್ಲಿ ಮಾವಳ್ಳಿಪುರದ ಕಸದ ತಾಣ ಮುಚ್ಚಿದ ಮೇಲೆ ನಗರದ ಬೀದಿಗಳಲ್ಲಿ ಕಸ ಗುಡ್ಡೆಬಿದ್ದಿತು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಆ ವರ್ಷದ ಅಕ್ಟೋಬರ್ 1ರಿಂದ ವಿಂಗಡಣೆಯನ್ನು ಕಡ್ಡಾಯಗೊಳಿಸಿತು. ಮನೆಯವರು ಬೇರ್ಪಡಿಸಿ ಕೊಟ್ಟ ಕಸವನ್ನು ಗಾಡಿಯಲ್ಲಿ ಮತ್ತೆ ಒಂದುಗೂಡಿಸುತ್ತಾರೆಂಬ ದೂರು ಅಂದಿನಿಂದ ವರ್ಷಗಟ್ಟಲೆ ಕೇಳಿಬಂದಿತು. ಪ್ರಚಾರದ ಮಾತಿಗೂ ಗಾಡಿಯ ನಡತೆಗೂ ತಾಳೆಯಾಗದಿದ್ದರೆ ಪ್ರಚಾರವೇ ನಗೆಪಾಟಲಾಗುತ್ತದೆ. ಕೊನೆಗೆ ಜನರ ಮನಸ್ಸಿನಲ್ಲಿ ನಿಂತದ್ದು ‘ಎರಡು ಬುಟ್ಟಿ, ಒಂದು ಚೀಲ’ ಎಂಬ ಸರಳ ಸೂತ್ರ: ಹಸಿ ಕಸಕ್ಕೆ ಹಸಿರು ಬುಟ್ಟಿ, ಬಳಸಲಾಗದ ಕೊಳಕು ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಇದನ್ನು ರೂಪಿಸಿದವರು ಬಡಾವಣೆಗಳ ಸ್ವಯಂಸೇವಕರು. 2015ರ ಡಿಸೆಂಬರಿನಲ್ಲಿ ರಾಜ್ಯ ಉಚ್ಚ ನ್ಯಾಯಾಲಯವು ಇದನ್ನೇ ನಗರಕ್ಕೆಲ್ಲ ಅನ್ವಯಿಸುವಂತೆ ಆದೇಶಿಸಿತು. ದೊಡ್ಡ ಸಂಸ್ಥೆಯ ಕಲಾ ವಿಭಾಗದಿಂದ ಬಂದ ಘೋಷಣೆ ಅದಾಗಿರಲಿಲ್ಲವೆಂಬುದನ್ನು ಟೆಂಡರು ಬರೆಯುವವರು ನೆನಪಿನಲ್ಲಿಡುವುದು ಒಳ್ಳೆಯದು.

ತೂಕದ ಲೆಕ್ಕ

ಕರ್ನಾಟಕದಲ್ಲಿ ಇಂಥ ಖರೀದಿಗಳನ್ನು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯಿದೆಯು ನಿಯಂತ್ರಿಸುತ್ತದೆ. ಅತ್ಯಂತ ಕಡಿಮೆ ದರ ನಮೂದಿಸಿದವರಿಗೇ ಕೆಲಸ ಕೊಡಬೇಕೆಂಬುದು ಕಾನೂನು ಎಂದು ಹಲವರು ನಂಬಿದ್ದಾರೆ. ಕಾಯಿದೆಯ ಮಾತು ಅಷ್ಟು ಬಿಗಿಯಾಗಿಲ್ಲ. ಟೆಂಡರು ದಾಖಲೆಯಲ್ಲಿ ಮೊದಲೇ ತಿಳಿಸಿದ, ವಸ್ತುನಿಷ್ಠವಾದ, ಅಳೆಯಬಹುದಾದ ಅಂಶಗಳಿಗೆ ಪರಸ್ಪರ ತೂಕ ನೀಡಿ ತೀರ್ಮಾನಿಸಲು ಅದರ 13ನೆಯ ಪ್ರಕರಣವು ದಾರಿ ಮಾಡಿಕೊಡುತ್ತದೆ. ಸಲಹಾ ಸೇವೆಗಳಿಗೆ ಗುಣಮಟ್ಟ ಮತ್ತು ದರ ಎರಡನ್ನೂ ತೂಗುವ ಪದ್ಧತಿಯನ್ನು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳೂ ಒಪ್ಪಿವೆ. ಈ ಪದ್ಧತಿಯಲ್ಲಿ ತಾಂತ್ರಿಕ ಪ್ರಸ್ತಾವವನ್ನೂ ದರದ ಪ್ರಸ್ತಾವವನ್ನೂ ಬೇರೆ ಬೇರೆ ಲಕೋಟೆಗಳಲ್ಲಿ ಪಡೆದು, ತಾಂತ್ರಿಕ ಅಂಕಗಳು ನಿಶ್ಚಯವಾದ ಮೇಲೆ ದರದ ಲಕೋಟೆ ತೆರೆಯುತ್ತಾರೆ.

ಇಲ್ಲಿ ಯಾವುದಕ್ಕೆ ಎಷ್ಟು ತೂಕವೆಂಬುದೇ ನಿರ್ಣಾಯಕ. ಕಲ್ಪಿತ ಲೆಕ್ಕವೊಂದರಿಂದ ಇದು ಸ್ಪಷ್ಟವಾದೀತು. ‘ಅ’ ಸಂಸ್ಥೆಗೆ ತಾಂತ್ರಿಕವಾಗಿ 90 ಅಂಕ, ದರ 40 ಲಕ್ಷ ರೂಪಾಯಿ. ‘ಆ’ ಸಂಸ್ಥೆಗೆ 72 ಅಂಕ, ದರ 28 ಲಕ್ಷ. ಕನಿಷ್ಠ ದರವನ್ನು ಆಯಾ ಸಂಸ್ಥೆಯ ದರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ದರದ ಅಂಕ ಬರುತ್ತದೆ. ಅದರಂತೆ ‘ಅ’ಕ್ಕೆ 70, ‘ಆ’ಕ್ಕೆ 100. ಗುಣಮಟ್ಟಕ್ಕೆ 70, ದರಕ್ಕೆ 30ರ ತೂಕವಿದ್ದರೆ ‘ಅ’ಕ್ಕೆ ಒಟ್ಟು 84, ‘ಆ’ಕ್ಕೆ 80.4 ಬಂದು ‘ಅ’ ಗೆಲ್ಲುತ್ತದೆ. ಎರಡಕ್ಕೂ 50ರ ತೂಕವಿದ್ದರೆ ‘ಅ’ಕ್ಕೆ 80, ‘ಆ’ಕ್ಕೆ 86 ಆಗಿ ಫಲಿತಾಂಶ ತಿರುಗುಮುರುಗಾಗುತ್ತದೆ. ಅದೇ ಸಂಸ್ಥೆಗಳು, ಅದೇ ದರಗಳು. ದಾಖಲೆಯ ಒಂದು ಸಾಲು ಮಾತ್ರ ಬೇರೆ. ಲಕೋಟೆ ತೆರೆದ ಮೇಲೆ ಆಕ್ಷೇಪ ಎತ್ತುವುದಕ್ಕಿಂತ ಆ ಸಾಲನ್ನು ಮೊದಲೇ ಓದುವುದು ಏಕೆ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ತಾಂತ್ರಿಕ ಅಂಕಗಳನ್ನು ಹಂಚುವ ರೀತಿಯೂ ಅಷ್ಟೇ ಮುಖ್ಯ. ವಾರ್ಷಿಕ ವಹಿವಾಟು ಇಷ್ಟು ಕೋಟಿ, ಮಹಾನಗರಗಳಲ್ಲಿ ಕಚೇರಿಗಳು ಇಷ್ಟು ಎಂಬುದಕ್ಕೆ ಹೆಚ್ಚು ಅಂಕ ಮೀಸಲಿಟ್ಟರೆ ಊರಿನ ಸಂಸ್ಥೆಗಳು ಬಾಗಿಲಲ್ಲೇ ಉಳಿಯುತ್ತವೆ. ದೊಡ್ಡ ಸಂಸ್ಥೆಯು ಕೆಲಸ ಹಿಡಿದು ಅದನ್ನೇ ಊರಿನವರಿಗೆ ಉಪಗುತ್ತಿಗೆಗೆ ಕೊಡುವ ಸಾಧ್ಯತೆಯೂ ಇದೆ. ಅದಕ್ಕೆ ಬದಲಾಗಿ, ಪ್ರಸ್ತಾವದಲ್ಲಿ ಹೆಸರಿಸಿದ ಸಿಬ್ಬಂದಿಯೇ ಬೀದಿಗೆ ಇಳಿಯುತ್ತಾರೆಯೇ, ಅವರಿಗೆ ಆ ಊರಿನ ಭಾಷೆಗಳು ಬರುತ್ತವೆಯೇ ಎಂಬುದಕ್ಕೆ ಅಂಕ ಕೊಡುವುದು ಲೇಸು. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ತುಳು, ಬ್ಯಾರಿ ಭಾಷೆಗಳೂ, ಕಲಬುರಗಿಯ ಸಂತೆಯಲ್ಲಿ ಉರ್ದುವೂ ಇಲ್ಲದೆ ಅರ್ಧ ಕೆಲಸವೂ ಆಗದು.

ಕಾರ್ಯವ್ಯಾಪ್ತಿಯಲ್ಲಿ ಏನಿರಬೇಕು

ಅನೇಕ ದಾಖಲೆಗಳಲ್ಲಿ ಕಾರ್ಯವ್ಯಾಪ್ತಿಯೆಂದರೆ ಇಷ್ಟು ಸಾವಿರ ಕರಪತ್ರ, ಇಷ್ಟು ಗೋಡೆಬರಹ, ಇಷ್ಟು ಜಾಥಾ ಎಂಬ ಪಟ್ಟಿ. ಎಣಿಸುವುದು ಸುಲಭ, ಲೆಕ್ಕಪರಿಶೋಧಕರಿಗೂ ಒಪ್ಪಿಗೆ. ಆದರೆ ಕರಪತ್ರ ಹಂಚಿದ್ದಕ್ಕೂ ಕಸ ಬೇರ್ಪಟ್ಟದ್ದಕ್ಕೂ ನೇರ ಸಂಬಂಧವಿಲ್ಲ. ಕೆಲಸ ಆರಂಭವಾಗುವ ಮೊದಲು ಆಯ್ದ ಬೀದಿಗಳಲ್ಲಿ ನೂರು ಅಂಗಡಿಗಳ ಪೈಕಿ ಎಷ್ಟು ಅಂಗಡಿಯವರು ಕಸ ಬೇರ್ಪಡಿಸುತ್ತಾರೆಂದು ಗಾಡಿಯ ಬಳಿ ನಿಂತು ಎಣಿಸಬೇಕು. ಮೂರು ತಿಂಗಳು, ಆರು ತಿಂಗಳು ಕಳೆದ ಮೇಲೆ ಅದೇ ಬೀದಿಗಳಲ್ಲಿ ಮತ್ತೆ ಎಣಿಸಬೇಕು. ಎಣಿಸುವವರು ಪ್ರಚಾರ ಸಂಸ್ಥೆಯವರೇ ಆಗಿರಬಾರದು. ಹಣದ ಒಂದು ಕಂತನ್ನಾದರೂ ಈ ವ್ಯತ್ಯಾಸಕ್ಕೆ ಕಟ್ಟಿಹಾಕಬೇಕು, ಪೂರ್ತಿ ಹಣವನ್ನಲ್ಲ. ಗಾಡಿಯೇ ಬಾರದ ಬೀದಿಯಲ್ಲಿ ವಿಂಗಡಣೆ ಹೆಚ್ಚಲಿಲ್ಲವೆಂದು ಪ್ರಚಾರ ಸಂಸ್ಥೆಯ ಹಣ ತಡೆಹಿಡಿಯುವುದು ನ್ಯಾಯವಲ್ಲ.

ಪ್ರಚಾರ ಯಾವಾಗ ಆರಂಭವಾಗಬೇಕೆಂಬುದು ಮತ್ತೊಂದು ಪ್ರಶ್ನೆ. ಇದಕ್ಕೆ ಹೊರದೇಶಗಳ ಎರಡು ನಿದರ್ಶನಗಳು ಉಪಯುಕ್ತವಾಗಿವೆ. ಎರಡೂ ಒಳಚರಂಡಿಯ ನೀರನ್ನು ಶುದ್ಧೀಕರಿಸಿ ಮತ್ತೆ ಕುಡಿಯುವ ನೀರಿನ ಮೂಲಕ್ಕೆ ಸೇರಿಸುವ ಯೋಜನೆಗಳು. ಆಸ್ಟ್ರೇಲಿಯದ ಟೂವೂಂಬಾ ನಗರದಲ್ಲಿ 2006ರ ಜುಲೈ 29ರಂದು ನಡೆದ ಜನಮತಗಣನೆಯಲ್ಲಿ ಸುಮಾರು ಶೇ. 62ರಷ್ಟು ಮತದಾರರು ಯೋಜನೆಯನ್ನು ತಿರಸ್ಕರಿಸಿದರು. ಆಡಳಿತವು ವಿವರಣೆ ನೀಡುವಷ್ಟರಲ್ಲಿ ವಿರೋಧದ ಪ್ರಚಾರ ಮನೆಮನೆ ಮುಟ್ಟಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆರೆಂಜ್ ಕೌಂಟಿಯಲ್ಲಿ ಅಲ್ಲಿನ ಜಲ ಮಂಡಲಿಯೂ ನೈರ್ಮಲ್ಯ ಮಂಡಲಿಯೂ ಜೊತೆಗೂಡಿ ಇಂಥದೇ ಸ್ಥಾವರವನ್ನು 2008ರ ಜನವರಿಯಲ್ಲಿ ಆರಂಭಿಸಿದವು. ಜನಸಂಪರ್ಕದ ಕೆಲಸವನ್ನು ಅವು ಕೈಗೊಂಡದ್ದು ಅದಕ್ಕೆ ಹಲವು ವರ್ಷಗಳ ಹಿಂದೆಯೇ. ವೈದ್ಯರು, ಪರಿಸರ ಸಂಘಟನೆಗಳು, ವಾಣಿಜ್ಯ ಮಂಡಲಿಗಳು, ಇವರಲ್ಲಿಗೆ ಹೋಗಿ ವಿವರಿಸಿ, ಬೆಂಬಲದ ಪತ್ರಗಳನ್ನು ಪಡೆದವು. ಅಲ್ಲಿ ವಾಣಿಜ್ಯ ಮಂಡಲಿಯನ್ನು ಪ್ರಚಾರದ ಶ್ರೋತೃವೆಂದಷ್ಟೇ ಅಲ್ಲದೆ ಪಾಲುದಾರನೆಂದು ಪರಿಗಣಿಸಿದ್ದು ಗಮನಾರ್ಹ. ನಮ್ಮ ನಗರಗಳಲ್ಲಿಯೂ ಮಾರುಕಟ್ಟೆ ಸಂಘಗಳೊಡನೆ ನಿಗದಿತ ಸಭೆಗಳನ್ನು ನಡೆಸಬೇಕೆಂದು, ಅಲ್ಲಿ ಬಂದ ಆಕ್ಷೇಪಗಳಿಗೆ ಇಂತಿಷ್ಟು ದಿನಗಳಲ್ಲಿ ಲಿಖಿತ ಉತ್ತರ ಕೊಡಿಸಬೇಕೆಂದು ಕಾರ್ಯವ್ಯಾಪ್ತಿಯಲ್ಲಿಯೇ ಬರೆಸಿಕೊಳ್ಳಲು ಅಡ್ಡಿಯೇನಿಲ್ಲ.

ಟೆಂಡರಿನಲ್ಲಿ ಭಾಗವಹಿಸುವ ಕಿರು ಸಂಸ್ಥೆಗಳಿಗೆ

ಮುದ್ರಣ, ಧ್ವನಿಮುದ್ರಣ, ಬೀದಿನಾಟಕ, ಸಮೀಕ್ಷೆ ಮುಂತಾದ ಕೆಲಸಗಳನ್ನು ಮಾಡುವ ಸದಸ್ಯರು ಕೆಲವು ವಿಷಯಗಳನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಮೊದಲನೆಯದು ಸರಕು ಮತ್ತು ಸೇವಾ ತೆರಿಗೆ. ಸಂವಿಧಾನದ 243-ಡಬ್ಲ್ಯೂ ಅನುಚ್ಛೇದದಡಿ ಬರುವ ನಗರಾಡಳಿತದ ಕೆಲಸಗಳಿಗೆ ಸಂಬಂಧಿಸಿ ಸ್ಥಳೀಯ ಪ್ರಾಧಿಕಾರಕ್ಕೆ ನೀಡುವ ಶುದ್ಧ ಸೇವೆಗೆ 2017ರ ಅಧಿಸೂಚನೆಯು ವಿನಾಯಿತಿ ನೀಡಿತು. ಸೇವೆಯೊಡನೆ ಸಾಮಗ್ರಿಯೂ ಸೇರಿದ್ದರೆ ಅದರ ಬೆಲೆ ಒಟ್ಟು ಮೊತ್ತದ ಶೇ. 25ನ್ನು ಮೀರಬಾರದು. ಕರಪತ್ರ, ಫಲಕಗಳೇ ಹೆಚ್ಚಾಗಿರುವ ಗುತ್ತಿಗೆ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಟೆಂಡರು ಕರೆದಿರುವುದು ಪಾಲಿಕೆಯೋ ಅಥವಾ ಕಸದ ಕೆಲಸಕ್ಕೆಂದು ಸ್ಥಾಪಿಸಿದ ಪ್ರತ್ಯೇಕ ಕಂಪನಿಯೋ ಎಂಬುದನ್ನೂ ನೋಡಬೇಕು, ಏಕೆಂದರೆ ಸರ್ಕಾರಿ ಘಟಕಗಳಿಗೆ ಇದ್ದ ಈ ವಿನಾಯಿತಿಯನ್ನು 2022ರ ಜನವರಿ 1ರಿಂದ ಹಿಂತೆಗೆದುಕೊಳ್ಳಲಾಯಿತು. ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಟೆಂಡರು ಪೂರ್ವ ಸಭೆಯಲ್ಲಿಯೇ ಲಿಖಿತವಾಗಿ ಕೇಳಿ ಉತ್ತರ ಪಡೆಯದಿದ್ದರೆ ಲಾಭದ ಅಂಶವೆಲ್ಲ ತೆರಿಗೆಗೇ ಹೋದೀತು.

ಕಿರು ಉದ್ದಿಮೆಗಳಿಗೆ ಠೇವಣಿಯ ವಿನಾಯಿತಿ ಸಿಗುತ್ತದೆಂದು ಭಾವಿಸಿ ಠೇವಣಿ ಇಡದೆ ಅರ್ಜಿ ಹಾಕುವವರೂ ಇದ್ದಾರೆ. 2012ರ ಕೇಂದ್ರದ ಖರೀದಿ ನೀತಿಯ ಆದೇಶವು ಕೇಂದ್ರ ಸಚಿವಾಲಯಗಳಿಗೂ ಕೇಂದ್ರೋದ್ಯಮಗಳಿಗೂ ಅನ್ವಯಿಸುವಂಥದು, ನಗರಸಭೆಗೆ ತಾನಾಗಿಯೇ ಅನ್ವಯಿಸದು. ದಾಖಲೆಯಲ್ಲಿ ವಿನಾಯಿತಿ ಬರೆದಿದ್ದರೆ ಮಾತ್ರ ಅದನ್ನು ನೆಚ್ಚಬಹುದು.

ಬಿಲ್ಲು ತಡವಾಗುವುದು ಹಳೆಯ ಕಥೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಹಣ ಸಂದಾಯ ಮಾಡುವ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಇದರ ಲಾಭ ಬೇಕಾದವರು ಕೆಲಸದ ಆದೇಶ ಪಡೆಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಬೇಕು.

ಮೌಲ್ಯಮಾಪನದಲ್ಲಿ ಅನ್ಯಾಯವಾಯಿತೆಂದು ಕಂಡುಬಂದರೆ ಪಾರದರ್ಶಕತೆ ಕಾಯಿದೆಯ 16ನೆಯ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ. ಅದರ ಅವಧಿ ಆದೇಶ ಕೈಸೇರಿದ ದಿನದಿಂದ 30 ದಿನಗಳು. ತಾಂತ್ರಿಕ ಅಂಕಗಳ ವಿವರಪಟ್ಟಿಯನ್ನು ಆ ಅವಧಿಯೊಳಗೇ ಕೇಳಿ ಪಡೆಯಬೇಕಾಗುವುದರಿಂದ ಫಲಿತಾಂಶ ಪ್ರಕಟವಾದ ದಿನವೇ ಅರ್ಜಿ ಕೊಡುವುದು ಕ್ಷೇಮ.