ನೀಲಿ ಉರಿ, ಮುಚ್ಚಿದ ಟೆಂಟು

ಚಾರಣಕ್ಕೆ ಹೊರಡುವವರಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ: ಗ್ಯಾಸ್ ಸ್ಟವ್ ನೀಲಿಯಾಗಿ ಉರಿಯುತ್ತಿದ್ದರೆ ವಿಷದ ಗಾಳಿ ಹುಟ್ಟುವುದಿಲ್ಲ, ಆದ್ದರಿಂದ ಚಳಿಗೆ ಟೆಂಟಿನ ಜಿಪ್ ಎಳೆದುಕೊಂಡು ಒಳಗೇ ಬ್ರೆಡ್ ಟೋಸ್ಟ್ ಮಾಡಬಹುದು. ದೋಣಿಯ ಕ್ಯಾಬಿನ್ನಿನಲ್ಲಿ ಸ್ಟವ್ ಹಚ್ಚುವವರೂ ಇದನ್ನೇ ನೆಚ್ಚಿಕೊಂಡಿರುತ್ತಾರೆ. ಟೋಸ್ಟಿನ ಬಗ್ಗೆ ಬೇರೆ ತಪ್ಪು ಕಲ್ಪನೆಗಳೂ ಇವೆ. ಬ್ರೆಡ್ ಸುಟ್ಟರೆ ಕ್ಯಾಲೊರಿ ಕರಗುತ್ತದಂತೆ. ನಿಜಕ್ಕೂ ಹೋಗುವುದು ಬಹುಮಟ್ಟಿಗೆ ನೀರು. ಕರಕಲಾದ ಟೋಸ್ಟ್ ಹೊಟ್ಟೆಯ ವಿಷ ಹೀರುತ್ತದಂತೆ. ಆಸ್ಪತ್ರೆಯಲ್ಲಿ ಕೊಡುವ ಸಂಸ್ಕರಿಸಿದ ಇದ್ದಿಲೇ ಬೇರೆ, ಇದೇ ಬೇರೆ. ಇವಕ್ಕೆ ಇಷ್ಟು ಉತ್ತರ ಸಾಕು. ನೀಲಿ ಉರಿಯ ನಂಬಿಕೆಯನ್ನು ಮಾತ್ರ ಹೀಗೆ ಬಿಟ್ಟುಬಿಡಲಾಗದು, ಏಕೆಂದರೆ ಅದು ಮಲಗಿದವರನ್ನು ಏಳದಂತೆ ಮಾಡಬಲ್ಲದು.

ಉರಿ ಹಳದಿಯಾಗುವುದು ಅದರೊಳಗಿನ ಮಸಿಯ ಕಣಗಳು ಕೆಂಡದಂತೆ ಹೊಳೆಯುವುದರಿಂದ. ನೀಲಿ ಬಣ್ಣ ಮಸಿ ಇಲ್ಲವೆಂದಷ್ಟೇ ಹೇಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಇಲ್ಲವೆಂದು ಹೇಳುವುದಿಲ್ಲ. ಅನಿಲ ಉರಿಯುವಾಗ ಮೊದಲು ಕಾರ್ಬನ್ ಮೊನಾಕ್ಸೈಡ್ ಹುಟ್ಟಿ, ಬಿಸಿ ಮತ್ತು ಆಮ್ಲಜನಕ ಸಾಕಷ್ಟು ಸಿಕ್ಕಾಗ ಮಾತ್ರ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಟೋಸ್ಟ್ ಮಾಡುವವರು ಈ ಎರಡನೆಯ ಹಂತಕ್ಕೇ ಅಡ್ಡ ಬರುತ್ತಾರೆ. ಬರ್ನರ್ ಮೇಲೆ ತೂತಿನ ತಗಡನ್ನೋ ತಂತಿಯ ಜಾಲರಿಯನ್ನೋ ಇಟ್ಟಾಗ ಉರಿಯ ತುದಿ ತಣ್ಣನೆಯ ಲೋಹಕ್ಕೆ ತಾಗಿ ಅರ್ಧಕ್ಕೇ ಆರುತ್ತದೆ. ಅದರ ಮೇಲೆ ಬ್ರೆಡ್ ಹರಡಿದರೆ ಬಿಸಿಗಾಳಿ ಮೇಲೇರುವ ದಾರಿಯೂ ಕಟ್ಟುತ್ತದೆ. ಉರಿ ನೀಲಿಯಾಗಿಯೇ ಕಾಣುತ್ತಿರುತ್ತದೆ, ಪಾತ್ರೆಯ ತಳಕ್ಕೆ ಮಸಿಯೂ ಹತ್ತುವುದಿಲ್ಲ, ಆದರೂ ವಿಷ ಹೊರಬರುತ್ತಿರುತ್ತದೆ. ಗ್ಯಾಸಿನ ವಾಸನೆಯೂ ಕಾಪಾಡುವುದಿಲ್ಲ. ಆ ವಾಸನೆ ಸೋರಿಕೆ ತಿಳಿಯಲೆಂದು ಬೆರೆಸಿದ ಮರ್‌ಕ್ಯಾಪ್ಟನ್‌ನದು, ಉರಿಯಲ್ಲಿ ಅದೂ ಸುಟ್ಟುಹೋಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಮನೆಯಲ್ಲಿ ದಿನವೂ ಗ್ಯಾಸ್ ಹಚ್ಚುತ್ತೇವಲ್ಲ, ಏನೂ ಆಗಿಲ್ಲವಲ್ಲ ಎಂಬುದು ಸಿದ್ಧ ಆಕ್ಷೇಪ. ಅಡುಗೆಮನೆಗೆ ಕಿಟಕಿಯಿದೆ, ಎತ್ತರದ ಚಾವಣಿಯಿದೆ, ಬಾಗಿಲ ಸಂದಿಯಿದೆ. ಇಬ್ಬರು ಮಲಗುವ ಟೆಂಟಿನಲ್ಲಿರುವ ಗಾಳಿಯಾದರೋ ಬೀರುವಿನೊಳಗೆ ಹಿಡಿಸುವಷ್ಟು. ಬಟ್ಟೆಯ ಟೆಂಟು ಉಸಿರಾಡುತ್ತದೆ ಎಂಬ ಇನ್ನೊಂದು ವಾದವೂ ನಿಲ್ಲದು. ಮಳೆಯಲ್ಲಿ ನೆನೆದ, ಹಿಮ ಹೊದ್ದ ಬಟ್ಟೆಯಲ್ಲಿ ಗಾಳಿ ಸರಾಗವಾಗಿ ಆಡುವುದಿಲ್ಲ. ಐದೇ ನಿಮಿಷದ ಕೆಲಸ ಎನ್ನುವವರೂ ಇದ್ದಾರೆ. ಟೋಸ್ಟ್ ಆದಮೇಲೆ ಚಹಾ, ಚಹಾ ಆದಮೇಲೆ ಕೈ ಕಾಯಿಸಿಕೊಳ್ಳುವುದು, ಹೀಗೆ ಸ್ಟವ್ ಉರಿಯುತ್ತಲೇ ಇರುತ್ತದೆ. ಕಳೆದ ಸಲ ಏನೂ ಆಗಲಿಲ್ಲ ಎಂಬುದನ್ನು ಪುರಾವೆಯೆಂದು ಒಪ್ಪಿಕೊಳ್ಳುವ ನಮ್ಮ ಅಭ್ಯಾಸ ತುಂಬ ಅಪಾಯಕಾರಿ. ಉತ್ತರ ಭಾರತದಲ್ಲಿ ಕೋಣೆ ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರ ಸಾವಿನ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಓದಿದವರೇ ಗ್ಯಾಸ್ ಬೇರೆ, ಇದ್ದಿಲು ಬೇರೆ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಇದ್ದಿಲು ಹೆಚ್ಚು ವಿಷ ಕಾರುತ್ತದೆ, ನಿಜ. ಆದರೆ ವಿಷ ಅದೇ.

ಈ ಅನಿಲ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು ಮೊದಲು ಕಾಣುತ್ತವೆ. ಹಿಮಾಲಯದಲ್ಲಿ ಅದನ್ನು ಎತ್ತರದ ಕಾಯಿಲೆ ಎಂದುಕೊಳ್ಳುತ್ತಾರೆ, ದೋಣಿಯಲ್ಲಿ ಅಲೆಯ ತೊನೆತ ಎಂದುಕೊಳ್ಳುತ್ತಾರೆ, ಬೆಚ್ಚಗೆ ಮಲಗಿದರೆ ಸರಿಹೋದೀತೆಂದು ಇನ್ನಷ್ಟು ಮುಚ್ಚಿಕೊಳ್ಳುತ್ತಾರೆ. ಪಳಗಿದವರೂ ಇದಕ್ಕೆ ಹೊರತಲ್ಲ. 1934ರಲ್ಲಿ ಅಮೆರಿಕದ ನೌಕಾಧಿಕಾರಿ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕದ ಚಳಿಗಾಲವನ್ನು ಹಿಮದಡಿಯ ಪುಟ್ಟ ಗುಡಿಸಲಲ್ಲಿ ಒಬ್ಬರೇ ಕಳೆಯುತ್ತಿದ್ದಾಗ, ಒಲೆ ಮತ್ತು ಜನರೇಟರಿನ ಹೊಗೆ ಸರಿಯಾಗಿ ಹೊರಹೋಗದೆ ಈ ವಿಷಕ್ಕೆ ತುತ್ತಾಗಿ ವಾರಗಟ್ಟಲೆ ನರಳಿದರು. ಅವರ ರೇಡಿಯೊ ಸಂದೇಶಗಳು ತಾಳ ತಪ್ಪಿದ್ದನ್ನು ಮೂಲಶಿಬಿರದವರು ಗಮನಿಸಿ, ಆಗಸ್ಟಿನಲ್ಲಿ ಹುಡುಕಿಕೊಂಡು ಬಂದಿದ್ದರಿಂದ ಬದುಕಿದರು.

ಹಾಗಾಗಿ ಸ್ಟವ್ ಟೆಂಟಿನ ಹೊರಗೇ ಇರಬೇಕು. ಬಿರುಗಾಳಿಯೋ ಮಳೆಯೋ ಹೊರಗೆ ಹಚ್ಚಗೊಡದಿದ್ದರೆ ಆ ಹೊತ್ತಿಗೆ ಬ್ರೆಡ್ಡನ್ನು ಸುಡದೆ ತಿನ್ನಬಹುದು. ದೋಣಿಯಲ್ಲಾದರೆ ಉರಿ ಹಚ್ಚುವ ಮುಂಚೆಯೇ ಮೇಲಿನ ಮುಚ್ಚಳವನ್ನೂ ಎದುರಿನ ಕಿಟಕಿಯನ್ನೂ ತೆರೆದು ಗಾಳಿ ಆಡುವಂತೆ ಮಾಡಬೇಕು. ಕ್ಯಾಬಿನ್ನಿನಲ್ಲಿ ಅಲಾರಂ ಇದೆಯೆಂದು ನಿಶ್ಚಿಂತರಾಗಿರುವವರು ಅದು ಯಾವುದೆಂದು ಒಮ್ಮೆ ತಿರುಗಿಸಿ ನೋಡಬೇಕು: ಟೋಸ್ಟ್ ಕರಿದಾದಾಗ ಕೂಗುವುದು ಹೊಗೆಯ ಅಲಾರಂ, ಕಾರ್ಬನ್ ಮೊನಾಕ್ಸೈಡಿನದನ್ನು ಪ್ರತ್ಯೇಕವಾಗಿ ಕೊಂಡು ಹಾಕಿಸಬೇಕು.