ಭಂಗಿ: ಎರಡನೇ ಲೋಟದ ಲೆಕ್ಕ

ಹೋಳಿ ರಜೆಗೆ ನಮ್ಮಲ್ಲಿ ಕೆಲವರು ರಾಜೂರ, ಗಜೇಂದ್ರಗಡ, ರೋಣದ ಕಡೆ ಊರಿಗೆ ಹೋಗ್ತೀವಿ. ಎಲ್ಲಿದ್ರೂ ಸರಿ, ಬಣ್ಣದ ದಿನ ಯಾರಾದ್ರೂ ಭಂಗಿ ಹಾಕಿದ ಥಂಡಾಯಿ ಲೋಟ ಕೈಗೆ ಕೊಡಬಹುದು. ಬೇಡ ಅನ್ನೋದೇ ಎಲ್ಲಕ್ಕಿಂತ ಸೇಫ್. ಆದ್ರೂ ತಗೊಳ್ಳೋರು ಇದ್ದೇ ಇರ್ತಾರೆ. ಅವರಿಗೂ ಪಕ್ಕದಲ್ಲಿರೋ ನಮಗೂ ಗೊತ್ತಿರಬೇಕಾದ ಮಾತು ಒಂದೇ: ಎರಡನೇ ಲೋಟ ಅಪಾಯ.

ಹಾಸ್ಟೆಲ್‌ನ ಸೋಲಾರ್ ನಲ್ಲಿ ನೆನಪಿಸಿಕೊಳ್ಳಿ. ಪೈಪಿನಲ್ಲಿದ್ದ ತಣ್ಣೀರು ಹೋಗೋವರೆಗೆ ಬಿಸಿನೀರು ಬರಲ್ಲ. ಬರಲಿಲ್ಲ ಅಂತ ಪೂರ್ತಿ ತಿರುಗಿಸಿದ್ರೆ ಆಮೇಲೆ ಮೈ ಸುಡುತ್ತೆ. ಇದೂ ಹಾಗೇ. ಸೇದಿದ ಗಾಂಜಾ ಕೆಲವೇ ನಿಮಿಷದಲ್ಲಿ ಮಿದುಳು ತಲುಪುತ್ತೆ. ತಿಂದದ್ದು, ಕುಡಿದದ್ದು ಕರುಳು, ಲಿವರ್ ದಾಟಿ ಬರಬೇಕು. ಅಮಲು ಶುರುವಾಗೋಕೇ ಅರ್ಧ ಗಂಟೆಯಿಂದ 2 ಗಂಟೆ, ಪೂರ್ತಿ ಏರೋಕೆ 4 ಗಂಟೆವರೆಗೂ ಹಿಡಿಯಬಹುದು. ಲಿವರ್ ಟಿಎಚ್‌ಸಿಯನ್ನು 11-ಹೈಡ್ರಾಕ್ಸಿ ಟಿಎಚ್‌ಸಿ ಆಗಿ ಬದಲಿಸುತ್ತೆ. ಅದೂ ಅಮಲು ತರುವಂಥದ್ದೇ. "ಏನೂ ಆಗ್ಲಿಲ್ಲಲೇ, ಇನ್ನೊಂದ ಗ್ಲಾಸ್ ಕೊಡು" ಅಂದವನಿಗೆ ಎರಡೂ ಒಟ್ಟಿಗೆ ಏರುತ್ತವೆ.

ಕೆನಡಾದಲ್ಲಿ ಇಂಥ ತಿನಿಸು ಮಾರೋಕೆ ಕಾನೂನಿದೆ. ಅಲ್ಲಿ ಒಂದು ಪ್ಯಾಕೆಟ್‌ಗೆ ಟಿಎಚ್‌ಸಿ ಮಿತಿ 10 ಮಿಲಿಗ್ರಾಂ. ಹೊಸಬರಿಗೆ ಸರ್ಕಾರವೇ ಹೇಳೋದು 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ. ನಮ್ಮ ಲೋಟಕ್ಕೆ ಲೇಬಲ್ಲೇ ಇಲ್ಲ. ಹಾಗಾಗಿ ತಗೊಂಡವರು ಒಂದೆರಡು ಗುಟುಕಿಗೆ ನಿಲ್ಲಿಸಿ, ಆ ದಿನಕ್ಕೆ ಅಷ್ಟೇ ಅನ್ನಬೇಕು. ಜೊತೆಗೆ ಮದ್ಯ, ನಿದ್ದೆ ಮಾತ್ರೆ ಬೇಡವೇ ಬೇಡ. ಬೈಕ್ ಕೀ ಮರುದಿನದವರೆಗೆ ಬೇರೆಯವರ ಹತ್ತಿರ ಇರಲಿ. ಹೃದಯದ ತೊಂದರೆ ಇರೋರು, ಮನೆತನದಲ್ಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರೋರು ಮುಟ್ಟಲೇಬಾರದು. ಹೇಳದೆ ಯಾರಿಗೂ ಕುಡಿಸಬಾರದು. ಅದು ತಮಾಷೆ ಅಲ್ಲ.

ಗೆಳೆಯ ಗಾಬರಿಯಾದ್ರೆ ಗದ್ದಲದಿಂದ ದೂರ ಕೂರಿಸಿ, ಒಬ್ಬರು ಪಕ್ಕದಲ್ಲೇ ಇರಿ. ಅಮಲು ಇಳಿಯೋಕೆ ಗಂಟೆಗಟ್ಟಲೆ ಬೇಕು. ನಿಂಬೆರಸ ನಂಬಿ ಕೂರಬೇಡಿ. ಎದೆನೋವು, ನಿಲ್ಲದ ವಾಂತಿ ಇದ್ರೆ, ಎಬ್ಬಿಸಿದ್ರೂ ಏಳದಿದ್ರೆ, ಮಕ್ಕಳು ಕುಡಿದಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರನ್ನು ಮಗ್ಗುಲಾಗಿ ಮಲಗಿಸಿ. ಡಾಕ್ಟರಿಗೆ ನಿಜ ಹೇಳಿ.

ಕಾನೂನೂ ತಿಳಿದಿರಲಿ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಿಡದ ಹೂ-ಕಾಯಿ ತುದಿ ಗಾಂಜಾ, ಅದರ ಅಂಟು ಚರಸ್. ಬರೀ ಎಲೆ ಗಾಂಜಾ ಅಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಭಂಗಿ ಈ ಕಾಯ್ದೆಯಡಿ ಬರಲ್ಲ ಅಂದಿತ್ತು. ಆದ್ರೆ ಗಾಂಜಾ ಹಾಕಿದ ಬ್ರೌನಿ ತಿಂದ್ರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಲೋಟದಲ್ಲಿ ಎಲೆ ಇದೆಯೋ ಹೂ ಇದೆಯೋ ಅಂತ ಕುಡಿಯೋರಿಗೆ ಹೇಗೆ ತಿಳಿಯುತ್ತೆ?