ಖ್ಯಾತನಾಮರ ಸಂದರ್ಶನ: ಗುಣ, ದೋಷ, ನೀತಿ – ಚೆನ್ನೈನ ಮೂರು ಪ್ರಸಂಗಗಳ ಹಿನ್ನೆಲೆಯಲ್ಲಿ

ಕನ್ನಡ ಚಲನಚಿತ್ರದ ಇತಿಹಾಸವನ್ನು ಬರೆಯಹೊರಡುವವರಿಗೆ ಪತ್ರಿಕಾ ಸಂದರ್ಶನಗಳು ಅನಿವಾರ್ಯವಾದ ಆಕರಗಳು. 1960ರ ದಶಕದವರೆಗೂ ಕನ್ನಡ ಚಿತ್ರಗಳ ನಿರ್ಮಾಣಕಾರ್ಯ ಬಹುಮಟ್ಟಿಗೆ ಮದರಾಸಿನ, ಎಂದರೆ ಇಂದಿನ ಚೆನ್ನೈನ, ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು. ಡಾ. ರಾಜ್‌ಕುಮಾರ್ ಸೇರಿದಂತೆ ಅನೇಕ ಕಲಾವಿದರು ಅಲ್ಲಿ ನೆಲೆಸಿದ್ದರು. ಆ ತಲೆಮಾರಿನ ಹಲವರು ತಮ್ಮ ಜೀವನವೃತ್ತಾಂತವನ್ನು ತಾವಾಗಿ ಬರೆದಿಟ್ಟವರಲ್ಲ. ಅವರ ನೆನಪುಗಳು ನಮಗೆ ದೊರೆಯುವುದು ಪತ್ರಕರ್ತರ ಪ್ರಶ್ನೆಗಳಿಗೆ ಅವರಿತ್ತ ಉತ್ತರಗಳಲ್ಲಿ. ಈ ಉತ್ತರಗಳನ್ನು ಎಷ್ಟರಮಟ್ಟಿಗೆ ಹೇಳಿದವರ ಮಾತೆಂದು ಸ್ವೀಕರಿಸಬಹುದು, ಅವುಗಳನ್ನು ಪಡೆದ ವಿಧಾನ ನ್ಯಾಯವಾದುದೇ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಿಗೆ ಈ ಪ್ರಶ್ನೆ ಹೊಸದಲ್ಲ. 12ನೆಯ ಶತಮಾನದ ಶರಣರ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದರೂಪದಲ್ಲಿ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಅದನ್ನು ಬೇರೆಬೇರೆಯಾಗಿ ಪರಿಷ್ಕರಿಸಿದರು. ವಚನಗಳು ಶರಣರವು, ಯಾವ ಮಾತಿಗೆ ಯಾವುದು ಉತ್ತರವೆಂಬ ಯೋಜನೆ ಸಂಕಲನಕಾರರದು. ಬಿಡಿಯಾಗಿ ಓದಿದಾಗ ಆತ್ಮನಿವೇದನೆಯಾಗಿ ತೋರುವ ಅಕ್ಕಮಹಾದೇವಿಯ ವಚನ, ಅಲ್ಲಮನ ಪ್ರಶ್ನೆಯ ಮುಂದೆ ನಿಂತಾಗ ಪರೀಕ್ಷೆಯೊಂದರ ಉತ್ತರವಾಗುತ್ತದೆ. ಪತ್ರಿಕಾ ಸಂದರ್ಶನದಲ್ಲಿಯೂ ನಡೆಯುವುದು ಇದೇ. ಭೇದವಿಷ್ಟೆ: ಇಲ್ಲಿ ಮಾತನಾಡಿದವರು ಬದುಕಿರುತ್ತಾರೆ, ಜೋಡಣೆಯ ಫಲವನ್ನು ಅವರೇ ಅನುಭವಿಸಬೇಕಾಗುತ್ತದೆ.

ಸಂದರ್ಶನದ ಗುಣವನ್ನು ಅದರ ಅಭಾವದಿಂದಲೇ ಚೆನ್ನಾಗಿ ಅರಿಯಬಹುದು. 1940ರ ದಶಕದ ಮದರಾಸಿನಲ್ಲಿ ಸಿ.ಎನ್. ಲಕ್ಷ್ಮೀಕಾಂತನ್ ಎಂಬ ಪತ್ರಕರ್ತ ‘ಸಿನಿಮಾ ತೂದು’, ‘ಹಿಂದು ನೇಸನ್’ ಎಂಬ ತಮಿಳು ಪತ್ರಿಕೆಗಳಲ್ಲಿ ನಟನಟಿಯರ ಖಾಸಗಿ ಬದುಕನ್ನು ಕುರಿತ ವದಂತಿಗಳನ್ನು ಪ್ರಕಟಿಸುತ್ತಿದ್ದನು. ಅಲ್ಲಿ ಗಣ್ಯರ ವಿಷಯವಿತ್ತು, ಗಣ್ಯರ ಮಾತಿರಲಿಲ್ಲ. 1944ರ ನವೆಂಬರಿನಲ್ಲಿ ಆತ ಇರಿತಕ್ಕೊಳಗಾಗಿ ಮೃತನಾದನು. ಪ್ರಸಿದ್ಧ ನಟರಾದ ಎಂ.ಕೆ. ತ್ಯಾಗರಾಜ ಭಾಗವತರ್ ಮತ್ತು ಎನ್.ಎಸ್. ಕೃಷ್ಣನ್ 1945ರಲ್ಲಿ ಶಿಕ್ಷೆಗೆ ಗುರಿಯಾದರು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ, 1947ರಲ್ಲಿ ಅವರಿಬ್ಬರೂ ದೋಷಮುಕ್ತರಾದರು. ಆದರೆ ಭಾಗವತರಿಗೆ ಹಿಂದಿನ ಜನಪ್ರಿಯತೆ ಮರಳಲಿಲ್ಲ. ಸಂದರ್ಶನವಿದ್ದಿದ್ದರೆ ಈ ದುರಂತ ತಪ್ಪುತ್ತಿತ್ತೆಂದು ಹೇಳಲಾಗದು. ಆದರೆ ಆರೋಪವನ್ನು ಸಂಬಂಧಪಟ್ಟವರ ಮುಂದಿಟ್ಟು ಉತ್ತರ ಪಡೆಯುವ ಪದ್ಧತಿಯಲ್ಲಿ ಹೇಳಿದವರ ಹೆಸರಿರುತ್ತದೆ, ನಿರಾಕರಣೆಗೆ ಅವಕಾಶವಿರುತ್ತದೆ, ಆಡಿದ ಮಾತಿಗೆ ಹೊಣೆಯಿರುತ್ತದೆ. ವದಂತಿಗೆ ಈ ಮೂರೂ ಇಲ್ಲ.

ಎರಡನೆಯ ಪ್ರಸಂಗ ನೀತಿಗೆ ಸಂಬಂಧಿಸಿದ್ದು. ಸಂಗಮಕಾಲದ ಕವಿಯ ಹೆಸರನ್ನು ಹೊತ್ತ ಚೆನ್ನೈನ ‘ನಕ್ಕೀರನ್’ ಪತ್ರಿಕೆ, ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರನ ಆತ್ಮಕಥನವನ್ನು ಪ್ರಕಟಿಸಲು ಮುಂದಾಯಿತು. ಅಧಿಕಾರಿಗಳೊಡನೆ ಅವನಿಗಿದ್ದ ಸಂಬಂಧಗಳ ಉಲ್ಲೇಖ ಅದರಲ್ಲಿತ್ತು. ಕಾರಾಗೃಹ ಇಲಾಖೆ ಇದನ್ನು ಆಕ್ಷೇಪಿಸಿತು. ಇದು ಸಂದರ್ಶನವಲ್ಲದಿದ್ದರೂ, ಕುಖ್ಯಾತನೊಬ್ಬನ ಮಾತನ್ನು ಪತ್ರಿಕೆ ಲೋಕಕ್ಕೆ ತಲುಪಿಸುವ ಪ್ರಶ್ನೆ ಒಂದೇ. ಆರ್. ರಾಜಗೋಪಾಲ್ ಮೊಕದ್ದಮೆಯೆಂದು ಪ್ರಸಿದ್ಧವಾದ ಇದರಲ್ಲಿ ಸುಪ್ರೀಂ ಕೋರ್ಟು 1994ರ ಅಕ್ಟೋಬರಿನಲ್ಲಿ ತೀರ್ಪಿತ್ತು, ಪ್ರಕಟಣೆಯನ್ನು ಮುಂಚಿತವಾಗಿ ತಡೆಯುವ ಅಧಿಕಾರ ಸರ್ಕಾರಕ್ಕಿಲ್ಲವೆಂದು ಸ್ಪಷ್ಟಪಡಿಸಿತು. ವ್ಯಕ್ತಿಯ ಕುಟುಂಬ, ವಿವಾಹ ಮೊದಲಾದ ಖಾಸಗಿ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಲಾಗದು. ಆದರೆ ಸಾರ್ವಜನಿಕ ದಾಖಲೆಗಳಲ್ಲಿರುವ ಸಂಗತಿಗಳಿಗೆ ಹಾಗೂ ತಾವಾಗಿಯೇ ವಿವಾದಕ್ಕಿಳಿದವರಿಗೆ ಈ ನಿಯಮ ಸಡಿಲವಾಗುತ್ತದೆ ಎಂಬುದು ತೀರ್ಪಿನ ಸಾರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ, 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಇದರಿಂದ ಸಂದರ್ಶಕರಿಗೊಂದು ಸೂಕ್ಷ್ಮ ತಿಳಿಯುತ್ತದೆ. ಉತ್ತರಿಸುವವನು ತನ್ನ ಬದುಕಿನ ಬಗೆಗೆ ಒಪ್ಪಿಗೆ ಕೊಡಬಲ್ಲನೇ ಹೊರತು, ತನ್ನ ಮಾತಿನಲ್ಲಿ ಬರುವ ಪತ್ನಿ, ಮಕ್ಕಳು, ಸಹಕಲಾವಿದರ ಪರವಾಗಿ ಕೊಡಲಾರನು.

ಮೂರನೆಯದು ಕನ್ನಡಿಗರೆಲ್ಲರಿಗೂ ತಿಳಿದ ಪ್ರಸಂಗ. 1990ರ ದಶಕದಲ್ಲಿ ಇದೇ ‘ನಕ್ಕೀರನ್’ ಪತ್ರಿಕೆ ಕಾಡುಗಳ್ಳ ವೀರಪ್ಪನ್‌ನ ಸಂದರ್ಶನಗಳನ್ನು ಪ್ರಕಟಿಸಿತ್ತು. 2000ದ ಜುಲೈ 30ರ ರಾತ್ರಿ ಅವನು ಗಡಿನಾಡಿನ ತಾಳವಾಡಿ ಪ್ರದೇಶದ ಗಾಜನೂರಿನಿಂದ ರಾಜ್‌ಕುಮಾರರನ್ನು ಅಪಹರಿಸಿದಾಗ, ಸಂಪಾದಕ ಆರ್.ಆರ್. ಗೋಪಾಲ್ ಸರ್ಕಾರಗಳ ದೂತರಾಗಿ ಕಾಡಿಗೆ ಹೋಗಬೇಕಾಯಿತು. ಸಂದರ್ಶನದಿಂದ ಬೆಳೆದ ಪರಿಚಯವೇ ಮಾತುಕತೆಯ ದಾರಿಯಾಯಿತು. 108 ದಿನಗಳ ಬಳಿಕ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆ ಹೊಂದಿದರು. ಪ್ರಾಣವೊಂದು ಅಪಾಯದಲ್ಲಿದ್ದಾಗ ಈ ದಾರಿಯನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಅದೇ ಸಂದರ್ಶನಗಳು ಅಪರಾಧಿಯೊಬ್ಬನಿಗೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ವೇದಿಕೆಯನ್ನೂ ಒದಗಿಸಿದವು. ಅವನ ಕೈಯಲ್ಲಿ ಸತ್ತವರಿಗೆ ಅಂಥ ವೇದಿಕೆಯಿರಲಿಲ್ಲ. ಸಾಮೀಪ್ಯವಿಲ್ಲದೆ ಸಂದರ್ಶನವಿಲ್ಲ, ಸಾಮೀಪ್ಯ ಹೆಚ್ಚಿದಂತೆ ಕಟುವಾದ ಪ್ರಶ್ನೆ ಹಿಂದೆ ಸರಿಯುತ್ತದೆ. ಈ ದೋಷ ಚಿತ್ರನಟರ ಸಂದರ್ಶನಗಳಲ್ಲಿಯೂ ಬೇರೊಂದು ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಮುಂದಿನ ಭೇಟಿಯ ಆಸೆಯುಳ್ಳ ವರದಿಗಾರ ಇಂದಿನ ಪ್ರಶ್ನೆಯನ್ನು ಮೃದುಗೊಳಿಸುತ್ತಾನೆ.

ಇದೇ ಪ್ರಸಂಗ ಇನ್ನೊಂದು ಎಚ್ಚರವನ್ನೂ ಹೇಳುತ್ತದೆ. ಒತ್ತೆಯಾಳಾಗಿರುವಾಗ ಆಡಿದ ಯಾವ ಮಾತನ್ನೂ ಸಂದರ್ಶನವೆಂದು ಪರಿಗಣಿಸಲಾಗದು. ಉತ್ತರಿಸದೆ ಇರುವ ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ಉತ್ತರಕ್ಕೆ ಬೆಲೆ.

ಮಾತನಾಡುವವರ ಅರಿವು ಅಥವಾ ಒಪ್ಪಿಗೆಯಿಲ್ಲದೆ ಸಂಭಾಷಣೆಯನ್ನು ಧ್ವನಿಮುದ್ರಿಸಬಾರದೆಂದು, ಕೆಲವು ಅಪವಾದಗಳೊಡನೆ, ಭಾರತೀಯ ಪತ್ರಿಕಾ ಮಂಡಳಿಯ ನೀತಿಸೂತ್ರಗಳು ವಿಧಿಸುತ್ತವೆ. ಪತ್ರಕರ್ತರಿಗೆ ಹೇಳಿದ ಈ ಮಾತು ಸಂಶೋಧಕರಿಗೂ ಅನ್ವಯಿಸುವಂಥದು. ಹಳೆಯ ಸಂದರ್ಶನವನ್ನು ಆಕರವಾಗಿ ಬಳಸುವವರು ಹಸ್ತಪ್ರತಿಗೆ ಹಾಕುವ ಪ್ರಶ್ನೆಗಳನ್ನೇ ಅದಕ್ಕೂ ಹಾಕಬೇಕು. ಕೇಳಿದವರು ಯಾರು, ಯಾವ ಸಂದರ್ಭದಲ್ಲಿ? ಮಾತು ಧ್ವನಿಮುದ್ರಣದಿಂದ ಬಂದುದೇ, ನೆನಪಿನಿಂದ ಬರೆದುದೇ? ಪ್ರಶ್ನೋತ್ತರಗಳ ಕ್ರಮವನ್ನು ಬದಲಿಸಿದವರಾರು? ಅಲ್ಲಿ ಹೆಸರಿಸಲ್ಪಟ್ಟೂ ಉತ್ತರಿಸಲು ಅವಕಾಶವಿಲ್ಲದವರು ಯಾರು? ಈ ಕೊನೆಯ ಪ್ರಶ್ನೆಯನ್ನು ಕೇಳದೆ ಬರೆದ ಚರಿತ್ರೆ, ಎಷ್ಟೇ ಆಕರಗಳಿಂದ ಕೂಡಿದ್ದರೂ, ವದಂತಿಯ ಮುಂದುವರಿಕೆಯಾಗುವ ಸಂಭವವಿದೆ.